283 ಸುರಂಗಗಳು ಮತ್ತು ಮಾಹಿತಿದಾರ-7

ನನ್ನ ಮೇಲೆ ಒಂದು ಪಿಎಚ್‌ಡಿ ಆಗಿದೆ. ಕೇಸು ಆದದ್ದುಂಟು, ಪಿಎಚ್‌ಡಿ ಇದೇ ಮೊದಲು.

ಅದರಲ್ಲಿ ನನ್ನ ಹೆಸರು ‘ಮಾಹಿತಿದಾರ-7’. ಹೆಸರು ಗುಟ್ಟಾಗಿಡುವುದು ಸಂಶೋಧನೆಯ ನಿಯಮವಂತೆ. ಮೂವತ್ತು ವರ್ಷ ಪೇಪರಿಗೆ ಬರೆದವನಿಗೆ ಇದರಲ್ಲಿ ಹೊಸತೇನಿಲ್ಲ. ಅಲ್ಲಿಯೂ ನಾನು ‘ನಮ್ಮ ಪ್ರತಿನಿಧಿಯಿಂದ’ ಆಗಿಯೇ ಇದ್ದವನು. ಆದರೆ ಪ್ರಬಂಧದ ಪಿಡಿಎಫ್ ಹೇಗೋ ನಮ್ಮ ಫ್ಯಾಮಿಲಿ ಗ್ರೂಪಿಗೆ ಬಂದು ಬಿತ್ತು. ಮರುದಿನ ಬೆಳಿಗ್ಗೆ ದೊಡ್ಡಮ್ಮನ ಫೋನು. “ಎಂತ ಮಾರಾಯ, ನೀನು ಪೊಲೀಸರಿಗೆ ಮಾಹಿತಿ ಕೊಡುವವನಂತೆ, ಹೌದಾ?”

ನಾನು ಕಾಸರಗೋಡಿನ ಒಂದು ಮೂಲೆಯ ಪಂಚಾಯತ್‌ನಲ್ಲಿ ಕನ್ನಡ ಪೇಪರೊಂದರ ಬಿಡಿ ಸುದ್ದಿಗಾರ. ಹೊಟ್ಟೆಗೆ ಅಡಿಕೆ, ಚಟಕ್ಕೆ ಸುದ್ದಿ. ನಾನು ಶುರು ಮಾಡಿದಾಗ ಸುದ್ದಿಯನ್ನು ಕೈಯಲ್ಲಿ ಬರೆದು, ಕವರಿಗೆ ಹಾಕಿ, ಮಂಗಳೂರು ಬಸ್ಸಿನ ಕಂಡಕ್ಟರ ಕೈಗೆ ಕೊಡುವ ಕ್ರಮ. ಬಸ್ಸು ತಪ್ಪಿದರೆ ಊರಲ್ಲಿ ಸತ್ತವರು ಪೇಪರಲ್ಲಿ ಒಂದು ದಿನ ತಡವಾಗಿ ಸಾಯುತ್ತಿದ್ದರು. ಸಂಭಾವನೆ ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ. ಹಾಗಾಗಿ ಸಭೆಯ ಸುದ್ದಿಯಲ್ಲಿ ‘ಉಪಸ್ಥಿತರಿದ್ದರು’ ಅನ್ನುವ ಪಟ್ಟಿ ಸ್ವಲ್ಪ ಉದ್ದವೇ ಇರುತ್ತಿತ್ತು. ಸಭೆಗೆ ಬಾರದವರೂ ಅದರಲ್ಲಿ ಉಪಸ್ಥಿತರಿದ್ದದ್ದುಂಟು.

ಈ ಬದಲಾವಣೆಯನ್ನೆಲ್ಲ ಅಧ್ಯಯನ ಮಾಡಲು ಆ ಹುಡುಗ ಬಂದ. ಒಳ್ಳೆಯ ಹುಡುಗ. ವಿಷಯ: ‘ಗಡಿನಾಡಿನ ಪತ್ರಿಕಾ ವೃತ್ತಿಯಲ್ಲಿ ಡಿಜಿಟಲ್ ಪಲ್ಲಟಗಳು’. ಕನ್ನಡ ಪತ್ರಿಕೋದ್ಯಮದ ಯಾವ ಪ್ರಬಂಧ ತೆಗೆದರೂ ಮೊದಲ ಅಧ್ಯಾಯದ ಬಾಗಿಲಲ್ಲಿ ಹರ್ಮನ್ ಮೋಗ್ಲಿಂಗ್ ನಿಂತಿರುತ್ತಾರೆ, ಕನ್ನಡದ ಮೊದಲ ಪತ್ರಿಕೆ, 1843ರ ಜುಲೈ 1ರ ‘ಮಂಗಳೂರ ಸಮಾಚಾರ’ವನ್ನು ಕೈಯಲ್ಲಿ ಹಿಡಿದುಕೊಂಡು. ಇದರಲ್ಲೂ ನಿಂತಿದ್ದಾರೆ. ಅವರನ್ನು ದಾಟಿ, ಎಪ್ಪತ್ತು ಪುಟ ಸಿದ್ಧಾಂತಗಳನ್ನು ದಾಟಿ ಹೋದರೆ ನಾವು ಸಿಗುತ್ತೇವೆ, ಪೇಟೆಯ ಚಾದಂಗಡಿಯಲ್ಲಿ, ಗೋಳಿಬಜೆ ತಿನ್ನುತ್ತಾ.

ಮಾಹಿತಿದಾರ 4ರಿಂದ 9ರವರೆಗಿನ ಎಲ್ಲರೂ ಅದೇ ಬೆಂಚಿನವರು. ಆರು ಜನ, ಆರು ಪೇಪರು. ಸುದ್ದಿಯನ್ನು ಒಬ್ಬ ಟೈಪ್ ಮಾಡಿ ಗ್ರೂಪಿಗೆ ಹಾಕುತ್ತಾನೆ, ಉಳಿದ ಐವರು ಮೊದಲ ಸಾಲು ಬದಲಿಸಿ ಕಳಿಸುತ್ತೇವೆ. ಕೆಲವೊಮ್ಮೆ ಮೊದಲ ಸಾಲು ಬದಲಿಸಲೂ ಉದಾಸೀನ. ಪ್ರಬಂಧದಲ್ಲಿ ಇದಕ್ಕೆ ‘ಸಹಯೋಗಿ ಪತ್ರಿಕೋದ್ಯಮ’ ಅಂತ ಹೆಸರು ಬಂದಿದೆ. ನಾವು ಇಷ್ಟು ದಿನ ಸೋಮಾರಿತನ ಅಂತ ತಿಳಿದುಕೊಂಡಿದ್ದೆವು.

ಚಾ ಮುಗಿದ ಮೇಲೆ ನಾನು ಕೇಳಿದೆ, “ಬನ್ನಿ, ಊರು ತೋರಿಸ್ತೇನೆ. ಗುಡ್ಡ ಹತ್ತಿ ಸುರಂಗ ನೋಡಿ ಬರುವ.” ಹುಡುಗ ವಾಚು ನೋಡಿದ. “ಇಲ್ಲ ಸರ್, ಫೀಲ್ಡ್‌ವರ್ಕ್ ಮುಗೀತು. ಉಳಿದದ್ದಕ್ಕೆ ಗೂಗಲ್ ಫಾರ್ಮ್ ಕಳಿಸ್ತೇನೆ.”

ಫಾರ್ಮ್ ಬಂತು. ನಮ್ಮ ಮನೆ ಹತ್ತಿರ ರೇಂಜ್ ಇಲ್ಲ. ರಬ್ಬರ್ ತೋಟದ ತುದಿಗೆ ಹೋಗಿ, ಕೈ ಮೇಲೆತ್ತಿ ನಿಂತರೆ ಎರಡು ಗೆರೆ ಸಿಗುತ್ತದೆ. ಹಾಗೆ ನಿಂತು ಓದಿದೆ. ‘ಡಿಜಿಟಲ್ ಪರಿವರ್ತನೆಯು ನನ್ನ ವೃತ್ತಿಪರ ಅಸ್ಮಿತೆಯನ್ನು ಪುನರ್‌ರೂಪಿಸಿದೆ.’ ಕೆಳಗೆ ಐದು ಬೊಟ್ಟು: ಸಂಪೂರ್ಣ ಒಪ್ಪುತ್ತೇನೆ ಅನ್ನುವಲ್ಲಿಂದ ಸಂಪೂರ್ಣ ಒಪ್ಪುವುದಿಲ್ಲ ಅನ್ನುವವರೆಗೆ. ರೆನ್ಸಿಸ್ ಲಿಕರ್ಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1932ರಲ್ಲಿ ಕೊಟ್ಟ ಅಳತೆಗೋಲು ಇದು. ಅವರು ಕಾಸರಗೋಡಿಗೆ ಬಂದವರಲ್ಲ. ಬಂದಿದ್ದರೆ ಆರನೇ ಬೊಟ್ಟು ಇಡುತ್ತಿದ್ದರು: ‘ಉಂಟು ಅಂದ್ರೆ ಉಂಟು, ಇಲ್ಲ ಅಂದ್ರೆ ಇಲ್ಲ ಮಾರಾಯ್ರೇ.’

ಕೊನೆಗೆ ಮಾಹಿತಿದಾರ-5 ಫಾರ್ಮ್ ತುಂಬಿ ಸ್ಕ್ರೀನ್‌ಶಾಟ್ ಗ್ರೂಪಿಗೆ ಹಾಕಿದ. ನಾವು ಐವರು ನೋಡಿ ಹಾಗೇ ಒತ್ತಿದೆವು. ನಾಲ್ಕನೇ ಅಧ್ಯಾಯದಲ್ಲಿ ಬಂದಿದೆ: ‘ಗಡಿನಾಡಿನ ಪತ್ರಕರ್ತರಲ್ಲಿ ಈ ಕುರಿತು ಗಮನಾರ್ಹ ಒಮ್ಮತ ಕಂಡುಬರುತ್ತದೆ.’

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಪ್ರಬಂಧದ ಅನುಬಂಧದಲ್ಲಿ ನನಗೆ ಒಬ್ಬ ಹಳೇ ಪರಿಚಯದವ ಸಿಕ್ಕಿದ. 283.

ಸುರಂಗ ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮಲ್ಲಿ ಬಾವಿ ಕೆಳಗೆ ಹೋಗಬೇಕೆಂದಿಲ್ಲ, ಅಡ್ಡಕ್ಕೂ ಹೋಗುತ್ತದೆ. ಮುರಕಲ್ಲಿನ ಗುಡ್ಡಕ್ಕೆ ಒಬ್ಬ ಮನುಷ್ಯ ಹೋಗುವಷ್ಟು ಅಗಲದ ತೂತು ಕೊರೆಯುತ್ತಾರೆ. ಕೈಯಲ್ಲಿ ಪಿಕ್ಕಾಸು, ಪಕ್ಕದಲ್ಲಿ ಮೋಂಬತ್ತಿ. ಮೋಂಬತ್ತಿ ಬೆಳಕಿಗೆ ಮಾತ್ರ ಅಲ್ಲ. ಅದು ಮಂಕಾದರೆ ಒಳಗೆ ಉಸಿರಾಡುವ ಗಾಳಿ ಕಮ್ಮಿ ಅಂತ ಅರ್ಥ, ಕೂಡಲೇ ಹೊರಗೆ ಬರಬೇಕು. ಉದ್ದವನ್ನು ಕೋಲಿನಲ್ಲಿ ಅಳೆಯುತ್ತಾರೆ, ಒಂದು ಕೋಲು ಅಂದರೆ ಸುಮಾರು 72 ಸೆಂಟಿಮೀಟರ್. ಕಲ್ಲಿನ ಸೆರೆಯಿಂದ ನೀರು ಜಿನುಗಿದರೆ ಪುಣ್ಯ. ಪಂಪು ಬೇಡ, ಕರೆಂಟು ಬೇಡ, ಅದಾಗಿಯೇ ಹರಿದು ಅಂಗಳದ ಟಾಂಕಿಗೆ ಬೀಳುತ್ತದೆ. ಗಡಿಯಾಚೆ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಕೊರೆದು, ಸೋತು, ಮತ್ತೆ ಕೊರೆದು, ಬೋಳು ಗುಡ್ಡದಲ್ಲಿ ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಲ್ಲಿಂದ ಮತ್ತೆ ಸುರಂಗಗಳಿಗೆ ನೀರಿಗಿಂತ ಹೆಚ್ಚು ಕ್ಯಾಮೆರಾಗಳು ಬಂದವು.

2008ರಲ್ಲಿ ನಾನು ನಮ್ಮ ಪಂಚಾಯತ್‌ನ ಸುರಂಗಗಳ ಬಗ್ಗೆ ಒಂದು ಬರಹ ಮಾಡಿದೆ. ಎಷ್ಟು ಸುರಂಗ ಉಂಟು ಅಂತ ನಮ್ಮೂರಿನ ಸುರಂಗ ಕೊರೆಯುವ ಅಜ್ಜನನ್ನು ಕೇಳಿದೆ. ಅಜ್ಜ ಬೀಡಿ ಎಳೆದು, ಗುಡ್ಡ ನೋಡಿ ಹೇಳಿದರು, “ಇನ್ನೂರು… ಮುನ್ನೂರು… ಇರ್ಬಹುದು. ಯಾರು ಲೆಕ್ಕ ಹಾಕಿದ್ದಾರೆ?” ನಾನು ‘ಅಂದಾಜು ಇನ್ನೂರರಿಂದ ಮುನ್ನೂರು’ ಅಂತ ಬರೆದು ಕಳಿಸಿದೆ. ಡೆಸ್ಕಿನಿಂದ ಫೋನು. “ಅಂದಾಜು ಅಂತ ಹಾಕಿದರೆ ಬಾಕ್ಸ್ ಐಟಂ ಆಗುವುದಿಲ್ಲ. ಸರಿಯಾದ ಸಂಖ್ಯೆ ಕೊಡಿ, ಹತ್ತು ನಿಮಿಷ ಉಂಟು.”

ಹತ್ತು ನಿಮಿಷದಲ್ಲಿ ಗುಡ್ಡ ಹತ್ತಲು ಸಾಧ್ಯವಾ? 280 ಅಂದರೆ ಅಂದಾಜು ಅಂತ ಗೊತ್ತಾಗುತ್ತದೆ. ಕೊನೆಗೆ ಒಂದು ಮೂರು ಸೇರಿಸಿದೆ. ಎಣಿಸಿದ ಹಾಗೆ ಕಾಣುತ್ತದೆ, ಅಲ್ವಾ? ಸುಳ್ಳೂ ಅಲ್ಲ. ಆ ಮೂರು ಸುರಂಗ ನಮ್ಮ ಮನೆಯದ್ದು. ಅಷ್ಟನ್ನು ನಾನೇ ಎಣಿಸಿದ್ದೇನೆ.

ಆ ಮೇಲೆ ಅದರ ಯೋಗ ನೋಡಿ. ಮೊದಲು ಒಂದು ಎಂಎ ಕಿರುಪ್ರಬಂಧಕ್ಕೆ ಹೋಯಿತು, ಅಡಿಟಿಪ್ಪಣಿಯಲ್ಲಿ ಪೇಪರಿನ ಹೆಸರು ಹೊತ್ತುಕೊಂಡು. ಅದನ್ನು ನೋಡಿ ಬರೆದ ಇನ್ನೊಂದು ಲೇಖನದಲ್ಲಿ ‘ಕ್ಷೇತ್ರಕಾರ್ಯದ ಪ್ರಕಾರ 283’ ಆಯಿತು. ಆ ಲೇಖನ ಬಂದ ಜರ್ನಲ್ ಎಂಥದ್ದೋ, ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು. ವಿಶ್ವವಿದ್ಯಾಲಯಗಳ ಮೇಲೆ ಕಣ್ಣಿಡುವ ಯುಜಿಸಿಯವರು 2018ರ ಮೇ ತಿಂಗಳಲ್ಲಿ ತಾವೇ ಒಪ್ಪಿದ ಜರ್ನಲ್‌ಗಳ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಒಟ್ಟಿಗೆ ಕಿತ್ತು ಹಾಕಿದ್ದರು. ಗುಡ್ಡ ಜರಿದ ಹಾಗೆ. ಅದರಡಿ ಸಿಕ್ಕಿಯೂ ನನ್ನ 283 ಬದುಕಿ ಹೊರಗೆ ಬಂತು. ಅಲ್ಲಿಂದ ಇಂಗ್ಲಿಷಿಗೆ ಹೋಯಿತು. ಅದನ್ನು ಓದೋಣ ಅಂತ ಹೋದರೆ ಬಾಗಿಲಲ್ಲೇ ಡಾಲರ್ ಕೇಳಿದರು. ಒಂದು ಕ್ವಿಂಟಾಲ್ ಅಡಿಕೆಯ ಬೆಲೆ ಅಲ್ಲ, ಆದರೂ ನಾನು ಕೊಟ್ಟ ಸುಳ್ಳನ್ನು ನಾನೇ ದುಡ್ಡು ಕೊಟ್ಟು ಓದಬೇಕಾ ಅಂತ ಬಿಟ್ಟುಬಿಟ್ಟೆ.

ಈ ನಡುವೆ ಊರಿಗೆ ಬೋರ್‌ವೆಲ್ ಬಂತು. ಕೆಲವು ಸುರಂಗ ಬತ್ತಿತು, ಕೆಲವು ಜರಿಯಿತು. ಹೆದ್ದಾರಿ 66ರ ಆರು ಪಥಕ್ಕೆ ಮಣ್ಣು ಬೇಕೆಂದು ಗುಡ್ಡಗಳೇ ಟಿಪ್ಪರ್ ಹತ್ತಿ ಹೋದವು. ಗುಡ್ಡ ಹೋದರೂ ಗುಡ್ಡದೊಳಗಿನ 283 ಅಲುಗಾಡಲಿಲ್ಲ.

ಹುಡುಗನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪಾಪ, ಅವನು ಹೆದರಿದ. “ಸರ್, ಅದಕ್ಕೆ ಮೂರು ಆಕರ ಇದೆ. ನಿಮ್ಮ ಮಾತಿಗೆ ಆಕರ ಏನಿದೆ?” ನಾನು, “ಅದನ್ನು ಬರೆದವನೇ ನಾನು ಮಾರಾಯಾ” ಅಂದೆ. “ಅದು ವೈಯಕ್ತಿಕ ಸಂಭಾಷಣೆ ಆಗುತ್ತದೆ ಸರ್, ತೂಕ ಕಮ್ಮಿ.” ಮತ್ತೆ ಸಮಾಧಾನದ ದನಿಯಲ್ಲಿ ಹೇಳಿದ, “ಕೃತಿಚೌರ್ಯದ ಸಾಫ್ಟ್‌ವೇರಿನಲ್ಲಿ ಪಾಸಾಗಿದೆ ಸರ್, ಹತ್ತು ಶೇಕಡಾಕ್ಕಿಂತ ಕೆಳಗೆ.”

ಅದೂ ಸರಿಯೇ. 2018ರ ಯುಜಿಸಿ ನಿಯಮದಂತೆ ನೂರರಲ್ಲಿ ಹತ್ತರವರೆಗೆ ಬೇರೆಯವರ ಬರಹಕ್ಕೆ ಹೋಲಿದರೆ ಶಿಕ್ಷೆ ಇಲ್ಲ. ಸಾಫ್ಟ್‌ವೇರ್ ಕದ್ದ ಮಾತನ್ನು ಹಿಡಿಯುತ್ತದೆ, ಹುಟ್ಟಿಸಿದ ಲೆಕ್ಕವನ್ನು ಅದು ಹೇಗೆ ಹಿಡಿದೀತು? ಹತ್ತರ ಒಳಗೆ ಬರಲು ಜನ ಮಾಡುವ ಸರ್ಕಸ್ಸು ಬೇರೆಯೇ. ಪದ ತಿರುಗಿಸುವ ಯಂತ್ರಕ್ಕೆ ಹಾಕುತ್ತಾರೆ. 2021ರಲ್ಲಿ ಗಿಯೋಮ್ ಕಬನಾಕ್ ಎಂಬ ಫ್ರೆಂಚ್ ಸಂಶೋಧಕರು ಜೊತೆಗಾರರೊಡನೆ ಇಂಥ ಹಿಂಸೆಗೊಳಗಾದ ಪದಗಳನ್ನು ಹೆಕ್ಕಿ ತೋರಿಸಿದರು. ‘ಆರ್ಟಿಫಿಷಿಯಲ್ ಇಂಟೆಲಿಜೆನ್ಸ್’ ಅನ್ನುವುದು ವಿಜ್ಞಾನ ಲೇಖನಗಳಲ್ಲಿ ‘ಕೌಂಟರ್‌ಫೀಟ್ ಕಾನ್ಷಿಯಸ್‌ನೆಸ್’ ಆಗಿತ್ತಂತೆ. ಖೋಟಾ ಪ್ರಜ್ಞೆ! ಯಂತ್ರ ಅಪ್ಪಿತಪ್ಪಿ ಸತ್ಯ ಹೇಳಿದ್ದು ಅದೊಂದೇ ಸಲ ಇರಬೇಕು. ನಮ್ಮ ಪ್ರಬಂಧದಲ್ಲೂ ‘ಬಿಡಿ ಸುದ್ದಿಗಾರ’ ಒಂದು ಕಡೆ ‘ಚದುರಿದ ವಾರ್ತಾವಾಹಕ’ ಆಗಿದ್ದಾನೆ. ಚದುರಿದ್ದು ಹೌದು, ಅದಕ್ಕೆ ನನ್ನ ತಕರಾರಿಲ್ಲ.

ಹುಡುಗನನ್ನು ಬೈದು ಏನು ಮಾಡುವುದು? ನಮ್ಮ ಮನೆಯೇ ಸರಿ ಇಲ್ಲ. ಡೆಸ್ಕಿನ ಲೆಕ್ಕ ಈಗ ಸೆಂಟಿಮೀಟರ್ ಅಲ್ಲ, ಕ್ಲಿಕ್ಕು. ‘ಅಧ್ಯಯನವೊಂದರಿಂದ ಬಹಿರಂಗ’ ಅಂತ ತಲೆಬರಹಕ್ಕೆ ಹಾಕಿದರೆ ಯಾವ ಅಧ್ಯಯನ, ಎಷ್ಟು ಜನರ ಮೇಲೆ ಅಂತ ಒಳಗೆ ಹೇಳಬೇಕಾಗಿಲ್ಲ. 2015ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ ಬೇಕೆಂದೇ ಒಂದು ಜೊಳ್ಳು ಅಧ್ಯಯನ ಮಾಡಿ, ಚಾಕೊಲೇಟ್ ತಿಂದರೆ ತೂಕ ಇಳಿಯುತ್ತದೆ ಅಂತ ಅಚ್ಚು ಹಾಕಿಸಿದರು. ಹಲವು ದೇಶಗಳ ಪೇಪರುಗಳು ಅದನ್ನು ಕಚ್ಚಿಕೊಂಡವು. ಅಲ್ಲಿ ಚಾಕೊಲೇಟ್, ಇಲ್ಲಿ ಹಲಸಿನ ಬೀಜ, ಇಷ್ಟೇ ವ್ಯತ್ಯಾಸ.

ಇದೇ ಮಣ್ಣಲ್ಲಿ ಬೇರೆ ಥರದ್ದೂ ಆಗಿದೆ, ಅದು ನೆನಪಾದರೆ ನಗು ನಿಲ್ಲುತ್ತದೆ. ಎಣ್ಮಕಜೆ ಕಡೆಯ ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಕರುಗಳು ಕಾಲು ಸೊಟ್ಟಗಾಗಿ ಹುಟ್ಟುತ್ತಿವೆ ಅಂತ ಮೊದಲು ಬರೆದದ್ದು ಯಾವ ವಿಶ್ವವಿದ್ಯಾಲಯವೂ ಅಲ್ಲ, ಅಲ್ಲಿಯ ಕೃಷಿಕ ಪತ್ರಕರ್ತ ಶ್ರೀಪಡ್ರೆ. ಲ್ಯಾಬುಗಳು ಬಂದದ್ದು 2001ರಲ್ಲಿ. ಒಂದು ಲ್ಯಾಬು ವಿಷ ಉಂಟು ಅಂದಿತು, ಇನ್ನೊಂದು ಇಲ್ಲ ಅಂದಿತು. ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನು ದೇಶದಲ್ಲೇ ನಿಲ್ಲಿಸುವಾಗ 2011ರ ಮೇ ತಿಂಗಳಾಗಿತ್ತು. ಆ ಕರುವಿನ ಸುದ್ದಿಯನ್ನು ಇವತ್ತು ನಾನು ಕಳಿಸಿದೆ ಅಂತ ಇಟ್ಟುಕೊಳ್ಳಿ. ಡೆಸ್ಕ್ ಕೇಳುತ್ತದೆ, “ಯಾವ ಜರ್ನಲಲ್ಲಿ ಬಂದಿದೆ?” ವಿದ್ವಾಂಸರನ್ನು ಕೇಳಿದರೆ ಅವರು ಹೇಳುತ್ತಾರೆ, “ಪೇಪರ್ ಕಟಿಂಗ್ ಇದ್ದರೆ ಕೊಡಿ, ನೋಡುವ.” ಕರು ಹಟ್ಟಿಯಲ್ಲಿ ಬಿದ್ದೇ ಇರುತ್ತದೆ.

ಕಳೆದ ವಾರ ಡೆಸ್ಕಿನಿಂದ ಮತ್ತೆ ಫೋನು. ಈಗ ಅಲ್ಲಿ ಹೊಸ ಹುಡುಗಿ. “ಸರ್, ನಿಮ್ಮ ಊರಿನ ಬಗ್ಗೆ ಪಿಎಚ್‌ಡಿ ಆಗಿದೆಯಂತೆ. ‘ಒಂದೇ ಪಂಚಾಯತ್‌ನಲ್ಲಿ 283 ಸುರಂಗ: ಸಂಶೋಧನೆಯಿಂದ ದೃಢ’ ಅಂತ ಹಾಕ್ತಿದ್ದೇವೆ. ಒಂದು ಲೋಕಲ್ ಬೈಟ್ ಬೇಕು. ಸುರಂಗ ಕೊರೆಯುವವರು ಯಾರಾದ್ರೂ ಇದ್ದಾರಾ?”

ಇದ್ದಾರೆ. ಅಜ್ಜನಿಗೆ ಈಗ ಎಂಬತ್ತು ದಾಟಿದೆ. ಪಿಕ್ಕಾಸು ಹಟ್ಟಿಯ ಮಾಡಿನಲ್ಲಿ ಸಿಕ್ಕಿಸಿಟ್ಟಿದ್ದಾರೆ, ತುದಿ ತುಕ್ಕು ಹಿಡಿದಿದೆ. ಜಗಲಿಯಲ್ಲಿ ಕೂತಿದ್ದರು. ಈ ಸಲ ಸರಿಯಾಗಿ ಕೇಳಿ ತಪ್ಪು ತಿದ್ದಿಬಿಡುವ ಅಂತಲೇ ನಾನು ಹೋದದ್ದು. ಮೊಬೈಲ್ ಆನ್ ಮಾಡಿ ಕೇಳಿದೆ.

“ಅಜ್ಜಾ, ನಮ್ಮ ಪಂಚಾಯತ್‌ನಲ್ಲಿ ನಿಜವಾಗಿ ಎಷ್ಟು ಸುರಂಗ ಇರ್ಬಹುದು?”

ಅಜ್ಜ ಈ ಸಲ ಗುಡ್ಡದ ಕಡೆ ನೋಡಲಿಲ್ಲ. ಒಳಗೆ ಹೋಗಿ ದೇವರ ಫೋಟೋದ ಹಿಂದಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದರು. ಒಳಗೆ 2008ರ ನನ್ನ ಬರಹದ ಕಟಿಂಗು, ಮಡಿಕೆಯಲ್ಲಿ ಹರಿದು, ಹಳದಿಯಾಗಿ. ಕನ್ನಡಕ ಏರಿಸಿ, ಬೆರಳಿಟ್ಟು ಓದಿದರು.

“ಇನ್ನೂರ ಎಂಬತ್ತಮೂರು. ಪೇಪರಲ್ಲೇ ಬಂದಿದೆಯಲ್ಲ ಮಾರಾಯ್ರೇ, ನನ್ನತ್ರ ಎಂತ ಕೇಳುವುದು?”