ಎಷ್ಟು ದೇಶ ಕವರ್ ಆಯ್ತು ಅಂತ ಕೇಳಬೇಡಿ

ಮ್ಯೂನಿಕ್‌ನಲ್ಲಿ ಶರತ್ಕಾಲದ ರಜೆ ಹತ್ತಿರ ಬಂತು ಅಂದ್ರೆ ಸಾಕು, ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಒಂದೇ ಮಾತು. ಎಲ್ಲಿಗೆ ಹೊರಟ್ರಿ, ಎಷ್ಟು ದಿನ, ಎಷ್ಟು ದೇಶ ಕವರ್ ಆಗುತ್ತೆ? ನವೆಂಬರ್ 1ರ ಆಸುಪಾಸಿನಲ್ಲಿ ಮ್ಯೂನಿಕ್ ಇರೋ ಬವೇರಿಯಾ ರಾಜ್ಯದ ಶಾಲೆಗಳಿಗೆ ಒಂದು ವಾರ ರಜೆ. ಆ ಒಂದು ವಾರದಲ್ಲಿ ಬಾರ್ಸಿಲೋನಾ, ರೋಮ್, ಅಥೆನ್ಸ್ ಮೂರನ್ನೂ ಮುಗಿಸಿ ಬಂದವರಿದ್ದಾರೆ. ನಾವೂ ಹಾಗೆ ಸುತ್ತಿದವರೇ. ಈ ಸಲ ಬೇಡ ಅಂತ ಮನೆಯಲ್ಲಿ ಎಲ್ಲರೂ ಕೂತು ತೀರ್ಮಾನ ಮಾಡಿದೀವಿ. ವಿಮಾನ ಇಲ್ಲ. ರೈಲಿನಲ್ಲಿ ಆಲ್ಪ್ಸ್ ದಾಟಿ ಇಟಲಿಯ ಬೊಲ್ಜಾನೊದಲ್ಲಿ ನಾಲ್ಕು ರಾತ್ರಿ, ವೆರೋನಾದಲ್ಲಿ ಎರಡು ರಾತ್ರಿ, ವಾಪಸ್. ನಾನು, ನಮ್ಮನೆಯವರು, ಎಂಟು ವರ್ಷದ ಮಗಳು, ಜೊತೆಗೆ ಸಕಲೇಶಪುರದಿಂದ ಬಂದಿರೋ ಅಮ್ಮ.

ಎರಡು ವರ್ಷದ ಹಿಂದೆ ಅಮ್ಮ ಬಂದಾಗ ಅಗ್ಗದ ಟಿಕೆಟ್ ಸಿಕ್ತು ಅಂತ ವಿಮಾನದಲ್ಲೇ ಹೊರಟಿದ್ವಿ. ಬೆಳಗಿನ ಜಾವ ಮೂರಕ್ಕೆ ಎದ್ದಿದ್ದು. ಸೆಕ್ಯುರಿಟಿಯಲ್ಲಿ ಅಮ್ಮನ ಕೈಚೀಲ ತೆಗೆಸಿದ್ರು. ಸಾಗರದ ಚಿಕ್ಕಮ್ಮ ಕೊಟ್ಟು ಕಳಿಸಿದ್ದ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ ಅದರಲ್ಲಿತ್ತು. ಮುಚ್ಚಳದ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ದಾರ ಸುತ್ತಿ ಬಿಗಿದ ಗಂಟು. 100 ಮಿಲಿಗಿಂತ ಜಾಸ್ತಿ ಇದೆ ಅಂತ ಸೆಕ್ಯುರಿಟಿಯವನು ಬಾಟಲಿಯನ್ನು ಹಾಗೇ ಕಸದ ಡಬ್ಬಿಗೆ ಹಾಕಿದ. ಅಮ್ಮ ಒಂದು ಮಾತೂ ಆಡಲಿಲ್ಲ. ಬಿಚ್ಚಿದ ಚಪ್ಪಲಿ ಮತ್ತೆ ಮೆಟ್ಟಿಕೊಳ್ಳೋಕೆ ಕೂರಲು ಜಾಗ ಹುಡುಕುತ್ತಾ, ಮೊಣಕಾಲು ಹಿಡ್ಕೊಂಡು ನಿಂತಿದ್ದರು. ಆಮೇಲೆ ವಿಮಾನ ಇಳಿದದ್ದು ಊರಿನ ಹೆಸರು ಮಾತ್ರ ಹೊತ್ತ, ಊರಿಂದ ಒಂದು ಗಂಟೆ ದೂರದ ನಿಲ್ದಾಣದಲ್ಲಿ. ಲೆಕ್ಕ ಹಾಕಿದ್ರೆ ಮನೆ ಬಾಗಿಲಿಂದ ಹೋಟೆಲ್ ಬಾಗಿಲಿಗೆ ಒಂಬತ್ತು ಗಂಟೆ. ಅದರಲ್ಲಿ ಆಕಾಶದಲ್ಲಿದ್ದದ್ದು ಒಂದೂವರೆ ಗಂಟೆ.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ಊರಿಗೆ ಹೋಗೋಕೆ ನಮಗೆ ವಿಮಾನ ಬೇಕೇ ಬೇಕು. ಅಮ್ಮ ಬಂದದ್ದೂ ವಿಮಾನದಲ್ಲೇ. ಮ್ಯೂನಿಕ್‌ನಿಂದ ಬೆಂಗಳೂರಿಗೆ ಬೇರೆ ದಾರಿ ಇಲ್ಲ, ಅಪ್ಪ ಅಮ್ಮನ್ನ ನೋಡೋದನ್ನ ಬಿಡೋಕೂ ಆಗಲ್ಲ. ಅದಕ್ಕೇ ನನಗೆ ಅನ್ನಿಸೋದು, ಬಿಡೋಕೆ ಆಗೋದನ್ನ ನಾವು ಬಿಡಬೇಕು. ಒಂದು ವಾರದ ತಿರುಗಾಟಕ್ಕೆ ವಿಮಾನ ಹತ್ತೋದು ನಮ್ಮ ಕೈಲಿರೋ ಆಯ್ಕೆ.

"ರೈಲು ದುಬಾರಿ ಅಲ್ವಾ?" ಅಂತ ಎಲ್ಲರೂ ಕೇಳ್ತಾರೆ. ಎಷ್ಟೋ ದಾರಿಗಳಲ್ಲಿ ಹೌದು. ಆದರೆ ಯಾಕೆ ಅಂತಲೂ ನೋಡಬೇಕು. ಅಂತರರಾಷ್ಟ್ರೀಯ ವಿಮಾನಗಳ ಇಂಧನಕ್ಕೆ ತೆರಿಗೆ ಹಾಕದ ಪದ್ಧತಿ 1944ರ ಶಿಕಾಗೊ ಒಪ್ಪಂದದ ಕಾಲದಿಂದ ಬಂದದ್ದು. ಯುರೋಪ್ ಒಕ್ಕೂಟದ 2003ರ ಇಂಧನ ತೆರಿಗೆ ನಿಯಮವೂ ಆ ವಿನಾಯಿತಿ ಉಳಿಸಿತು. ರೈಲು ಮಾತ್ರ ಓಡಿದ ಒಂದೊಂದು ಕಿಲೋಮೀಟರಿಗೂ ಹಳಿ ಬಳಕೆಯ ಶುಲ್ಕ ಕಟ್ಟುತ್ತೆ. ಫ್ರಾನ್ಸ್‌ನಲ್ಲಿ ಎರಡೂವರೆ ಗಂಟೆಯೊಳಗೆ ರೈಲಿನಲ್ಲಿ ಮುಟ್ಟಬಹುದಾದ ಊರುಗಳ ನಡುವೆ ವಿಮಾನ ನಿಷೇಧ ಅಂತ 2023ರಲ್ಲಿ ದೊಡ್ಡ ಸುದ್ದಿಯಾಯ್ತು. ಕೊನೆಗೆ ನಿಂತದ್ದು ಪ್ಯಾರಿಸ್‌ನ ಒರ್ಲಿಯಿಂದ ನಾಂಟ್, ಲಿಯೋನ್, ಬೋರ್ಡೋಗೆ ಹೋಗುತ್ತಿದ್ದ ಮೂರೇ ಮಾರ್ಗ. ಸರ್ಕಾರಗಳು ಮನಸ್ಸು ಮಾಡೋವರೆಗೆ ಕಾಯ್ತಾ ಕೂತರೆ ನನ್ನ ಮಗಳು ಕಾಲೇಜು ಮುಗಿಸಿರ್ತಾಳೆ.

ನಾವು ಪ್ಲಾನ್ ಮಾಡಿದ ರೀತಿ ಹೇಳ್ತೀನಿ. ಮೊದಲು ಊರು ಆರಿಸಲಿಲ್ಲ. ಒಂದೇ ರೈಲಿನಲ್ಲಿ, ಎಲ್ಲೂ ಬದಲಾಯಿಸದೆ, ಹಗಲಲ್ಲೇ ಎಲ್ಲಿವರೆಗೆ ಹೋಗಬಹುದು ಅಂತ ನೋಡಿದ್ವಿ. ವಯಸ್ಸಾದವರ ಜೊತೆ ಏಳು ನಿಮಿಷದಲ್ಲಿ ಪ್ಲಾಟ್‌ಫಾರಂ ಬದಲಿಸೋ ಟಿಕೆಟ್ ಎಷ್ಟೇ ಅಗ್ಗ ಇದ್ರೂ ತಗೋಬೇಡಿ, ದಯವಿಟ್ಟು. ಜರ್ಮನಿಯ ರೈಲು ಹೊತ್ತಿಗೆ ಸರಿಯಾಗಿ ಬರುತ್ತೆ ಅನ್ನೋ ಕಾಲ ಹೋಯ್ತು. ಒಂದು ಗಂಟೆ ತಡವಾದರೆ ಟಿಕೆಟ್ಟಿನ ಕಾಲು ಭಾಗ, ಎರಡು ಗಂಟೆಯಾದರೆ ಅರ್ಧ ದುಡ್ಡು ಕೇಳಿ ಪಡೆಯೋ ಹಕ್ಕು ಯುರೋಪಿನ ನಿಯಮದಲ್ಲಿದೆ ನಿಜ, ಆದರೆ ಚಳಿಯಲ್ಲಿ ಬೆಂಚಿನ ಮೇಲೆ ಕೂತ ಅಮ್ಮನಿಗೆ ಅದರಿಂದೇನು? ಮ್ಯೂನಿಕ್‌ನಿಂದ ಆಸ್ಟ್ರಿಯಾ-ಇಟಲಿ ಗಡಿಯ ಬ್ರೆನ್ನರ್ ಘಟ್ಟದ ಮೇಲೆ ಇಟಲಿಗೆ ನೇರ ರೈಲುಗಳಿವೆ. ಬೊಲ್ಜಾನೊಗೆ ಸುಮಾರು ನಾಲ್ಕು ಗಂಟೆ, ವೆರೋನಾಗೆ ಸುಮಾರು ಐದೂವರೆ. ಮುಂಚೆ ಬುಕ್ ಮಾಡಿದಷ್ಟೂ ಅಗ್ಗ. ಸೀಟು ಕಾಯ್ದಿರಿಸಲೇಬೇಕು ಅಂತೇನಿಲ್ಲ, ಆದರೆ ರಜೆಯ ವಾರದಲ್ಲಿ ಕಾಯ್ದಿರಿಸದೆ ಹೋದರೆ ಬಾಗಿಲ ಹತ್ತಿರ ಸೂಟ್‌ಕೇಸ್ ಮೇಲೆ ಕೂರಬೇಕಾಗುತ್ತೆ.

ಒಂದೇ ಪಾಸಿನಲ್ಲಿ ಹಲವು ದೇಶಗಳ ರೈಲು ಹತ್ತಬಹುದಾದ ಇಂಟರ್‌ರೇಲ್ ಪಾಸ್ ಬಗ್ಗೆ ಸುಮಾರು ಜನ ಕೇಳಿದ್ರು. 1972ರಿಂದ ಇದೆ, ಈಗ 33 ದೇಶಗಳಲ್ಲಿ ನಡೆಯುತ್ತೆ. ನಾಲ್ಕೈದು ಊರು ಅಲೆಯೋರಿಗೆ ಒಳ್ಳೇದೇ. ಒಂದೇ ದಾರಿಯಲ್ಲಿ ಹೋಗಿ ಬರೋ ನಮ್ಮಂಥವರಿಗೆ ಬೇಡ. ಇನ್ನೊಂದು ಗಮನಿಸಿ: ಅದು ಯುರೋಪಿನಲ್ಲಿ ವಾಸ ಇರೋರಿಗೆ ಮಾತ್ರ. ಊರಿಂದ ಬಂದ ಅಪ್ಪ ಅಮ್ಮನಿಗೆ ಕೊಳ್ಳಬೇಕಾದದ್ದು ಯೂರೇಲ್ ಪಾಸ್. ಗೊತ್ತಿಲ್ಲದೆ ತಪ್ಪು ಪಾಸ್ ಕೊಂಡವರನ್ನು ನೋಡಿದೀನಿ.

ಬೆಳಗಿನ ರೈಲೇ ಹಿಡಿದಿದೀವಿ. ನವೆಂಬರ್ ಹೊತ್ತಿಗೆ ಅಲ್ಲಿ ಸಂಜೆ ಐದಕ್ಕೆಲ್ಲ ಕತ್ತಲು. ಕತ್ತಲಲ್ಲಿ ಬ್ರೆನ್ನರ್ ದಾಟಿದರೆ ಈ ಪ್ರಯಾಣ ಮಾಡಿಯೂ ಮಾಡದಂತೆ. 1867ರಲ್ಲಿ ಶುರುವಾದ ಈ ದಾರಿಯ ವಿಶೇಷ ಅಂದ್ರೆ ನೆತ್ತಿಯಲ್ಲಿ ಸುರಂಗ ಇಲ್ಲ. ಸುಮಾರು 1,370 ಮೀಟರ್ ಎತ್ತರದ ಆ ನೆತ್ತಿಯನ್ನ ರೈಲು ಬಯಲಲ್ಲೇ ದಾಟುತ್ತೆ. ಈಗ ಕೆಳಗೆ 55 ಕಿಲೋಮೀಟರ್ ಉದ್ದದ ಹೊಸ ಸುರಂಗ ಕೊರೀತಿದಾರೆ. ಅದು ಮುಗಿದ ಮೇಲೆ ವೇಗದ ರೈಲುಗಳು ಬೆಟ್ಟದ ಹೊಟ್ಟೆಯೊಳಗೇ ಹೋಗ್ತವೆ. ಲಾರಿಗಳ ಸರಕು ರೈಲಿಗೆ ಬರಲಿ ಅಂತ ಮಾಡ್ತಿರೋದು, ಒಳ್ಳೇ ಕೆಲಸ. ಆದರೆ ಅದಕ್ಕೆ ಮುಂಚೆ ಮಗಳಿಗೆ ಈ ದಾರಿ ತೋರಿಸಬೇಕು.

ಮ್ಯಾಪ್ ಹರಡಿಕೊಂಡು ಇದನ್ನ ವಿವರಿಸ್ತಿದ್ದಾಗ ಒಂದು ಸಂಗತಿ ಆಯ್ತು. ಬ್ರೆನ್ನರ್‌ನಲ್ಲಿ ನೀರು ಇಬ್ಭಾಗ ಆಗುತ್ತೆ. ಉತ್ತರಕ್ಕೆ ಬಿದ್ದ ಮಳೆ ಸಿಲ್ ಅನ್ನೋ ಹೊಳೆ ಸೇರಿ, ಇನ್ ನದಿಗೆ, ಅಲ್ಲಿಂದ ಡ್ಯಾನ್ಯೂಬ್‌ಗೆ, ಕೊನೆಗೆ ಕಪ್ಪು ಸಮುದ್ರಕ್ಕೆ. ದಕ್ಷಿಣಕ್ಕೆ ಬಿದ್ದದ್ದು ಐಸಾಕ್ ಹೊಳೆಯಾಗಿ ಬೊಲ್ಜಾನೊ ಹತ್ತಿರ ಆದಿಜೆ ನದಿ ಸೇರಿ, ವೆರೋನಾ ಊರನ್ನ ಬಳಸಿಕೊಂಡು ಏಡ್ರಿಯಾಟಿಕ್ ಸಮುದ್ರಕ್ಕೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದ್ರು. "ನಮ್ಮ ಬಿಸಿಲೆ ಕಡೆ ಇದ್ದ ಹಾಗೇ ಇದೆಯಲ್ಲೇ" ಅಂದ್ರು. ಹೌದು, ಬಿಸಿಲೆ ದಾರಿಯ ಮಂಕನಹಳ್ಳಿ ಹತ್ತಿರದ ಆ ದಿಬ್ಬ. ಒಂದು ಕಡೆ ಬಿದ್ದ ಮಳೆ ಹೇಮಾವತಿ, ಕಾವೇರಿ ಅಂತ ಬಂಗಾಳ ಕೊಲ್ಲಿಗೆ. ಇನ್ನೊಂದು ಕಡೆಯದು ಕುಮಾರಧಾರೆ, ನೇತ್ರಾವತಿ ಅಂತ ಅರಬ್ಬಿ ಸಮುದ್ರಕ್ಕೆ. ಅಪ್ಪ ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗಿ ನಿಲ್ಲಿಸಿದ್ದು ನನಗಿನ್ನೂ ನೆನಪಿದೆ. ಮಗಳು ಬೆರಳಿಟ್ಟು ವೆರೋನಾವರೆಗೆ ಹೊಳೆಯನ್ನ ಹಿಂಬಾಲಿಸಿದಳು. ರೈಲಿನ ದಾರಿಯೂ ಅದೇ ನೀರಿನ ಪಕ್ಕದ್ದೇ. ವಿಮಾನದ ಕಿಟಕಿಯಿಂದ ಈ ಪಾಠ ಯಾರು ಕಲಿಸ್ತಾರೆ?

ನವೆಂಬರ್ 1ಕ್ಕೆ ನಾವು ಬೊಲ್ಜಾನೊದಲ್ಲಿರ್ತೀವಿ, ಅಂದ್ರೆ ರಾಜ್ಯೋತ್ಸವದ ದಿನ. ಅದಕ್ಕಿಂತ ತಕ್ಕ ಜಾಗ ನನಗೆ ಹೊಳೆಯಲ್ಲ. ಮೊದಲ ಮಹಾಯುದ್ಧದ ನಂತರ ಆಸ್ಟ್ರಿಯಾದಿಂದ ಇಟಲಿಗೆ ಸೇರಿದ ನಾಡು ಅದು. ಮುಸೊಲಿನಿ ಕಾಲದಲ್ಲಿ ಶಾಲೆಗಳಿಂದ ಜರ್ಮನ್ ಭಾಷೆಯನ್ನೇ ತೆಗೆದುಹಾಕಿದ್ರು, ಊರುಗಳ ಹೆಸರು ಬದಲಿಸಿದ್ರು. ದಶಕಗಳ ಜಗಳದ ಮೇಲೆ 1972ರಲ್ಲಿ ವಿಶಾಲ ಸ್ವಾಯತ್ತೆ ಸಿಕ್ಕಿತು. ಈಗ ನಿಲ್ದಾಣದ ಬೋರ್ಡಿನಲ್ಲಿ ಇಟಾಲಿಯನ್‌ನ ಬೊಲ್ಜಾನೊ, ಜರ್ಮನ್‌ನ ಬೋಟ್ಸೆನ್ ಎರಡೂ ಹೆಸರು. ಕೆಲವು ಕಣಿವೆಗಳಲ್ಲಿ ಲಾಡಿನ್ ಅನ್ನೋ ಸಣ್ಣ ಭಾಷೆಗೂ ಶಾಲೆಯಲ್ಲಿ ಜಾಗ ಇದೆ. ಗಡಿ ಜಿಲ್ಲೆಗಳ ಬೋರ್ಡಿನ ಜಗಳ ಕೇಳ್ತಾ ಬೆಳೆದ ನಾವು ನಿಂತು ನೋಡಬೇಕಾದ್ದು ಇಂಥದ್ದನ್ನ.

ಅವತ್ತು ಅಲ್ಲೂ ಸರ್ವ ಸಂತರ ಹಬ್ಬ, ಅಂಗಡಿಗಳು ಮುಚ್ಚಿರ್ತವೆ, ಬಸ್ಸುಗಳು ಭಾನುವಾರದ ವೇಳಾಪಟ್ಟಿಯಲ್ಲಿ ಓಡ್ತವೆ. ಅದಕ್ಕೇ ಬೆಟ್ಟ. ಊರಿಂದಲೇ ರೋಪ್‌ವೇ ಹತ್ತಿ ರಿಟನ್ ಬೆಟ್ಟಕ್ಕೆ ಹೋದರೆ ಮೇಲೆ 1907ರ ಪುಟ್ಟ ರೈಲು ಇನ್ನೂ ಓಡುತ್ತೆ. ಲಾರ್ಚ್ ಮರಗಳು ಆ ಹೊತ್ತಿಗೆ ಬಂಗಾರದ ಬಣ್ಣಕ್ಕೆ ತಿರುಗಿರ್ತವೆ. ಎಷ್ಟೋ ವಸತಿಗಳು ಅತಿಥಿಗಳಿಗೆ ಗೆಸ್ಟ್ ಪಾಸ್ ಕೊಡ್ತವೆ, ಅದಿದ್ದರೆ ಆ ಪ್ರಾಂತ್ಯದ ಬಸ್ಸು, ಸ್ಥಳೀಯ ರೈಲು ಉಚಿತ. ವಸತಿ ಬುಕ್ ಮಾಡೋ ಮೊದಲೇ ಇದನ್ನ ಕೇಳಿಕೊಳ್ಳಿ.

ಇದು ಅಲ್ಲಿ ಕೆಂಡದ ಮೇಲೆ ಚೆಸ್ಟ್‌ನಟ್ ಸುಡೋ ಕಾಲವೂ ಹೌದು. ತೋಟದ ಮನೆಗಳಲ್ಲಿ ಹೊಸ ವೈನ್ ಜೊತೆ ಕೊಡ್ತಾರೆ. ಬಿಸಿ ಇರುವಾಗಲೇ ಸಿಪ್ಪೆ ಬಿಡಿಸಿ ಬಾಯಿಗೆ ಹಾಕಿಕೊಂಡರೆ ಥೇಟ್ ಸುಟ್ಟ ಹಲಸಿನ ಬೀಜ, ಸ್ವಲ್ಪ ಸಿಹಿ ಜಾಸ್ತಿ ಅಷ್ಟೆ. ಅಮ್ಮನಿಗೆ ಊಟಕ್ಕೆ ಪಾಲಕ್ ತುಂಬಿದ ಶ್ಲುಟ್ಸ್‌ಕ್ರಾಪ್ಫನ್ ಅನ್ನೋ ಕಡುಬು ಇದೆ. ಅಪ್ಪಟ ಸಸ್ಯಾಹಾರಿಗಳು ಕ್ನೋಡಲ್ ಅನ್ನೋ ಬ್ರೆಡ್ ಉಂಡೆಯನ್ನ ಒಳಗೇನಿದೆ ಅಂತ ಕೇಳಿಯೇ ತಗೊಳ್ಳಿ, ಎಷ್ಟೋ ಕಡೆ ಹಂದಿಮಾಂಸದ ಚೂರು ಇರುತ್ತೆ.

ಪಾಸ್‌ಪೋರ್ಟು, ರೆಸಿಡೆನ್ಸ್ ಕಾರ್ಡು ಕೈಗೆ ಸಿಗೋ ಹಾಗೇ ಇಟ್ಕೊಳ್ಳಿ. ವಾಪಸ್ ಬರುವಾಗ ಜರ್ಮನಿಯ ಪೊಲೀಸರು ರೈಲು ಹತ್ತಿ ಕೇಳ್ತಾರೆ.

"ಹೋಗ್ತಾ ಬರ್ತಾ ಎರಡು ದಿನ ಹಾಳಲ್ವಾ?" ಅಂತ ಗೆಳತಿಯೊಬ್ಬಳು ಕೇಳಿದಳು. ಎದುರುಬದುರು ನಾಲ್ಕು ಸೀಟು, ನಡುವೆ ಮೇಜು, ಮೇಜಿನ ಮೇಲೆ ಚಪಾತಿ, ಚಟ್ನಿಪುಡಿ, ಮೊಸರನ್ನ, ಉಪ್ಪಿನಕಾಯಿ. ಅಮ್ಮ ಮೊಮ್ಮಗಳ ಜೊತೆ ಚೌಕಾಬಾರ ಆಡ್ತಾರೆ. ಅಮ್ಮನ ವೀಸಾದಲ್ಲಿ ಉಳಿದಿರೋದು ಇನ್ನೊಂದೂವರೆ ತಿಂಗಳು. ಆ ನಾಲ್ಕು ಗಂಟೆ ನನ್ನ ಲೆಕ್ಕದಲ್ಲಿ ರಜೆಯ ಅತ್ಯುತ್ತಮ ಗಂಟೆಗಳು.

ಟಿಕೆಟ್ ಆಯ್ತು, ಬೊಲ್ಜಾನೊ ವಸತಿಯೂ ಆಯ್ತು. ವೆರೋನಾದಲ್ಲಿ ಮಾತ್ರ ಇನ್ನೂ ಹುಡುಕ್ತಿದೀನಿ. ನಿಲ್ದಾಣದಿಂದ ಬಸ್ಸಿನಲ್ಲಿ ಹೋಗೋ ಹಾಗಿರಬೇಕು, ಲಿಫ್ಟ್ ಇರಬೇಕು, ಅನ್ನ ಮಾಡೋಕೆ ಒಂದು ಒಲೆ ಇರಬೇಕು. ಯಾರಾದರೂ ಉಳ್ಕೊಂಡಿದ್ದರೆ ತಿಳಿಸಿ.