ಕುಂಬಳಕಾಯಿಗೆ ಎರಡು ಹಗ್ಗ

ಮಾರ್ಚ್ 4 ಬಂತೆಂದರೆ ನಮ್ಮ ಕಟ್ಟಡದ ಸೈಟುಗಳಲ್ಲಿ ಹಬ್ಬ. 1966ರ ಆ ದಿನ ರಾಷ್ಟ್ರೀಯ ಸುರಕ್ಷತಾ ಮಂಡಳಿ ಹುಟ್ಟಿತಲ್ಲ, ಅದಕ್ಕೆ ವಾರವಿಡೀ ಸಪ್ತಾಹ. ಸ್ಟೋರ್ ರೂಮಿನ ಗೋಣಿಚೀಲದಿಂದ ಹಳದಿ ಹೆಲ್ಮೆಟ್‌ಗಳು ಹೊರಬರುತ್ತವೆ. ಯಾದಗಿರಿಯ ಹೆಣ್ಣಾಳು, ಬಿಹಾರದ ಕಂಬಿ ಕಟ್ಟುವವನು, ಎಲ್ಲರೂ ಬಲಗೈ ಚಾಚಿ ಇಂಗ್ಲಿಷಿನಲ್ಲಿ ಪ್ರತಿಜ್ಞೆ ಮಾಡುತ್ತಾರೆ. ಫೋಟೋ ಮುಗಿದ ಮೇಲೆ ಹೆಲ್ಮೆಟ್ ಎಣಿಸಿ ಮತ್ತೆ ಚೀಲಕ್ಕೆ.

ಹಾಗಂತ ಮಾಲೀಕರಿಗೆ ಕಾಳಜಿಯೇ ಇಲ್ಲ ಅನ್ನಬೇಡಿ. ನಾಲ್ಕನೇ ಮಹಡಿಯಲ್ಲಿ ನೇತುಹಾಕಿದ ಬೂದುಗುಂಬಳಕಾಯಿ ನೋಡಿ. ಎರಡೆಳೆ ನೈಲಾನ್ ಹಗ್ಗ, ಕಂಬಿಗೆ ಬಿಗಿದ ಗಂಟು, ಬಿರುಗಾಳಿ ಬಂದರೂ ಬೀಳುವ ಮಾತಿಲ್ಲ. ಪಕ್ಕದಲ್ಲೇ ಸರ್ವೆ ಮರದ ಸಾರುವೆಯ ಮೇಲೆ ಹವಾಯಿ ಚಪ್ಪಲಿಯಲ್ಲಿ ನಿಂತು ಪ್ಲಾಸ್ಟರಿಂಗ್ ಮಾಡುವವನ ಸೊಂಟಕ್ಕೆ ಇರುವುದು ಉಡಿದಾರ ಮಾತ್ರ. ದೃಷ್ಟಿ ತಾಗುವುದು ಕಟ್ಟಡಕ್ಕೆ ತಾನೆ? ಆಳಿನ ಮೇಲೆ ಯಾರು ಕಣ್ಣು ಹಾಕುತ್ತಾರೆ! ಲೇಬರ್ ಇನ್ಸ್‌ಪೆಕ್ಟರೂ ಹಾಕುವುದಿಲ್ಲ.

ಕಾನೂನಿಗೇನು ಬರ? ಕಟ್ಟಡ ಕಾರ್ಮಿಕರ ಕಾಯ್ದೆ 1996ರಲ್ಲೇ ಬಂತು, 2025ರಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಯೂ ಬಂತು. ಹತ್ತು ಆಳಿದ್ದರೆ ಅನ್ವಯ. ಹಾಗಾಗಿ ಹಾಜರಿ ಪುಸ್ತಕದಲ್ಲಿ ಒಂಬತ್ತೇ ಹೆಸರು. ಹತ್ತನೆಯವನು ಯಾರಯ್ಯಾ ಅಂದರೆ, ‘ಇವನ ಭಾವಮೈದ ಸಾರ್, ಬೆಂಗ್ಳೂರು ನೋಡೋಕೆ ಬಂದವ್ನೆ’ ಎನ್ನುತ್ತಾನೆ ಮೇಸ್ತ್ರಿ. ಬೆಂಗಳೂರು ನೋಡಲು ಬಂದವನ ತಲೆ ಮೇಲೆ ಸಿಮೆಂಟ್ ಮೂಟೆ.

2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡವೊಂದು ಕಾರ್ಮಿಕರ ಮೇಲೇ ಕುಸಿಯಿತು. ಅಕ್ರಮ ಕಟ್ಟಡ ಎಂಬ ಹೇಳಿಕೆ ಆಮೇಲೆ ಬಂತು. ನಮ್ಮಲ್ಲಿ ಕಟ್ಟಡ ನಿಂತಿರುವಷ್ಟು ಹೊತ್ತೂ ಸಕ್ರಮ, ಮಲಗಿದ ಮೇಲಷ್ಟೇ ಅಕ್ರಮ.

ಕಟ್ಟಡದ ವೆಚ್ಚದಲ್ಲಿ ಶೇ 1ರಷ್ಟು ಸೆಸ್ ಬೇರೆ ವಸೂಲಾಗುತ್ತದೆ, ಕಾರ್ಮಿಕರ ಕಲ್ಯಾಣಕ್ಕೆ. ಆ ದುಡ್ಡಲ್ಲಿ ಲ್ಯಾಪ್‌ಟಾಪ್, ವಾಷಿಂಗ್ ಮಷಿನ್ ಕೊಂಡಿದ್ದಾರೆಂದು 2017ರಲ್ಲಿ ಕೇಳಿ ಸುಪ್ರೀಂ ಕೋರ್ಟೇ ದಂಗಾಗಿತ್ತು. ದಂಗಾಗುವುದೇಕೋ? ಇರುವ ಎರಡು ಜೊತೆ ಬಟ್ಟೆ ಒಗೆಯಲು ಮಷಿನ್ ಬೇಡವೇ? ತಗಡಿನ ಶೆಡ್ಡಿಗೆ ನೀರು, ಕರೆಂಟು ಬಂದರಾಯಿತು, ಅಷ್ಟೆ.

ಕಲ್ಯಾಣ ಮಂಡಳಿಯ ಸವಲತ್ತು ಸಿಗಬೇಕಾದರೆ ಮೊದಲು ನೋಂದಣಿ ಆಗಬೇಕು. ಅದಕ್ಕೆ ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿರಬೇಕು. ಆದ್ದರಿಂದ ಸಾರುವೆ ಮೇಲಿರುವ ಎಲ್ಲರಲ್ಲೂ ವಿನಂತಿ: 89ನೇ ದಿನದವರೆಗೆ ಯಾರೂ ದಯವಿಟ್ಟು ಬೀಳಬಾರದು.