16 ಕೋರು, ಒಂದೇ ಗೇಟು

ಈಗಷ್ಟೇ ದಾವಣಗೆರೆಯ ಪಿ.ಜೆ. ಬಡಾವಣೆಯ ಕಂಪ್ಯೂಟರ್ ಅಂಗಡಿಯೊಂದರಿಂದ ಮನೆಗೆ ಬಂದೆ. ತಲೆ ಇನ್ನೂ ಬಿಸಿಯಾಗಿದೆ, ಬರಹ ಉದ್ದವಾದರೆ ಸಹಿಸಿಕೊಳ್ಳಿ.

ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದರೆ ಗೇಮ್ ಆಡಲು ಕಂಪ್ಯೂಟರ್ ಕೊಡಿಸುತ್ತೇನೆ ಎಂದು ಅಕ್ಕನ ಮಗನಿಗೆ ಮಾತು ಕೊಟ್ಟಿದ್ದೆ. ಹುಡುಗ ತೆಗೆದೇಬಿಟ್ಟ. ಕೈಯಲ್ಲಿದ್ದದ್ದು 90 ಸಾವಿರ. ಅಂಗಡಿಯವರು ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು 16 ಕೋರಿನ, ಅಂದರೆ ಲೆಕ್ಕ ಹಾಕುವ 16 ಘಟಕಗಳಿರುವ, ಪ್ರೊಸೆಸರಿಗೇ ಸುರಿದು, ಮಿಕ್ಕಿದ್ದರಲ್ಲಿ ಪರದೆಯ ಚಿತ್ರ ಬಿಡಿಸುವ ಒಂದು ಬಡಪಾಯಿ ಗ್ರಾಫಿಕ್ಸ್ ಕಾರ್ಡ್ ಸೇರಿಸಿ ಚೀಟಿ ಬರೆದರು. “8ಕ್ಕಿಂತ 16 ದೊಡ್ಡದಲ್ಲವೇ ಸರ್?” ದೊಡ್ಡದು ಸ್ವಾಮಿ. ಮಗ್ಗಿ ನನಗೂ ಬರುತ್ತದೆ. ಆದರೆ ಕೋರು ಇಮ್ಮಡಿಯಾದ ಮಾತ್ರಕ್ಕೆ ಗೇಮಿನ ವೇಗ ಇಮ್ಮಡಿಯಾಗದು.

ಅಶೋಕ ಚಿತ್ರಮಂದಿರದ ಬಳಿಯ ರೈಲ್ವೆ ಗೇಟಿನಲ್ಲಿ ನಿಂತು ಬೆವರಿದ ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೇಟು ಬಿದ್ದ ಮೇಲೆ ರಸ್ತೆ ಎಷ್ಟು ಅಗಲವಿದ್ದರೇನು? ಗೇಮಿನೊಳಗೂ ಅಂಥದೊಂದು ಗೇಟಿದೆ, ಅದಕ್ಕೆ ಮುಖ್ಯ ಥ್ರೆಡ್ ಎನ್ನುತ್ತಾರೆ: ಒಂದೇ ಕೋರಿನ ಮೇಲೆ ಸಾಲಾಗಿ ಸಾಗುವ ಕೆಲಸದ ಎಳೆ. ನೀವು ಗುಂಡಿ ಒತ್ತಿದ್ದು, ಗುಂಡು ಹಾರಿದ್ದು, ಅದು ಶತ್ರುವಿಗೆ ತಗುಲಿದ್ದು ಎಲ್ಲವೂ ಒಂದರ ಹಿಂದೆ ಒಂದು ತೀರ್ಮಾನವಾಗಬೇಕು. ಗುಂಡು ಹಾರುವ ಮೊದಲೇ ಶತ್ರು ಸತ್ತನೇ ಎಂದು ಇನ್ನೊಂದು ಕೋರು ಲೆಕ್ಕ ಹಾಕಲಾಗದು. ಸೆಕೆಂಡಿಗೆ 60 ಫ್ರೇಮ್ (ಪರದೆಯ ಚಿತ್ರ) ಬೇಕೆಂದರೆ ಒಂದೊಂದಕ್ಕೆ ಸಿಗುವುದು ಸುಮಾರು 16.7 ಮಿಲಿಸೆಕೆಂಡು. ಅಷ್ಟರಲ್ಲಿ ಒಂದು ಕೋರು ಏದುಸಿರು ಬಿಡುತ್ತಿದ್ದರೆ ಉಳಿದವುಗಳಲ್ಲಿ ಹೆಚ್ಚಿನವು ಕಟ್ಟೆಯ ಮೇಲೆ ಕೂತು ಮಂಡಕ್ಕಿ ಮೆಲ್ಲುತ್ತಿರುತ್ತವೆ. ಕಂಪ್ಯೂಟರಿನ ಕೆಲಸದ ಹೊರೆ ತೋರಿಸುವ ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೊಸೆಸರಿನ ಒಟ್ಟು ಬಳಕೆ ಶೇ 15 ಎಂದು ಕಾಣುತ್ತದೆ. ಪ್ರೊಸೆಸರ್ ಎಷ್ಟು ನಿರಾಳವಾಗಿದೆ ನೋಡಿ ಎಂದು ಅಂಗಡಿಯವರು ಹೆಮ್ಮೆಯಿಂದ ಬೆರಳಿಟ್ಟಿದ್ದೂ ಅದಕ್ಕೇ!

ಇದೇನು ಹೊಸ ಸಂಗತಿಯಲ್ಲ. ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್ಡಾಲ್ 1967ರಲ್ಲಿ ಮಂಡಿಸಿದ ವಾದದಿಂದ ಹುಟ್ಟಿದ ಲೆಕ್ಕವಿದೆ: ಕೆಲಸದಲ್ಲಿ ಅರ್ಧ ಹಂಚಲಾಗದಂಥದಾದರೆ 16 ಕೋರು ತಂದರೂ ವೇಗ 1.88 ಪಟ್ಟು, ಸಾವಿರ ತಂದರೂ 2 ಪಟ್ಟು ದಾಟದು. ಲೆಕ್ಕ ಬೇಡವೇ? 2022ರಲ್ಲಿ ಬಂದ ಎಎಂಡಿ ಕಂಪನಿಯ ಪ್ರೊಸೆಸರ್ ರೈಜೆನ್ 7 5800ಎಕ್ಸ್3ಡಿ ನೋಡಿ. ಕೋರು 8, ಎಲ್3 ಕ್ಯಾಶ್ (ಪ್ರೊಸೆಸರಿನೊಳಗೇ ಇರುವ ವೇಗದ ಮೆಮೊರಿ) 96 ಎಂಬಿ. ಅದೇ ಪೀಳಿಗೆಯ 16 ಕೋರಿನ 5950ಎಕ್ಸನ್ನು ಅನೇಕ ಗೇಮುಗಳಲ್ಲಿ ಹಿಂದೆ ಹಾಕಿತು. ಬೇಕಾದ ಮಾಹಿತಿ ಪಕ್ಕದಲ್ಲೇ ಇದ್ದುದರಿಂದ ರ‍್ಯಾಮ್‌ವರೆಗೆ ಓಡಾಡುವುದು ತಪ್ಪಿತು, ಅಷ್ಟೇ.

“ಮಾವ, ನಾನು ವಿಡಿಯೊ ಎಡಿಟ್ ಮಾಡಿದರೆ?” ಎಂದ ಹುಡುಗ. ಒಪ್ಪಿದೆ, ವಿಡಿಯೊ ರೆಂಡರಿಂಗಿಗೆ ಕೋರು ಹೆಚ್ಚಿದ್ದಷ್ಟೂ ಲಾಭ. ನಾಲ್ಕೇ ಕೋರಿದ್ದರೆ ಈಗಿನ ಗೇಮುಗಳು ತಡವರಿಸುವುದೂ ನಿಜ. ಆದರೆ ಈ ಮಹಾಶಯ ಇದುವರೆಗೆ ಎಡಿಟ್ ಮಾಡಿದ್ದು ಅಜ್ಜಿಯ ಹುಟ್ಟುಹಬ್ಬದ ಒಂದೂವರೆ ನಿಮಿಷದ ವಿಡಿಯೊ. ಅದೂ ಮೊಬೈಲಿನಲ್ಲಿ.

ನನಗೇಕೆ ಇಷ್ಟು ಕೋಪ ಎಂದರೆ, ಹನ್ನೆರಡು ವರ್ಷದ ಹಿಂದೆ ಪೆಟ್ಟಿಗೆಯ ಮೇಲಿನ ದೊಡ್ಡ 8 ನೋಡಿ ಮರುಳಾಗಿ ಮೊದಲ ಸಂಬಳಗಳನ್ನೆಲ್ಲ ಸುರಿದವನು ನಾನೇ. ಗೆಳೆಯನ ನಾಲ್ಕು ಕೋರಿನ ಯಂತ್ರದ ಮುಂದೆ ನನ್ನದು ಕುಂಟಿತು. ಎರಡು ವರ್ಷ ಗೇಮಿನದೇ ದೋಷ ಎಂದು ಸಾಧಿಸಿದೆ. ನಿಮ್ಮಲ್ಲಿ ಕೆಲವರೊಡನೆ ಜಗಳವನ್ನೂ ಆಡಿದ್ದೇನೆ, ಕ್ಷಮೆಯಿರಲಿ.

ಕೊನೆಗೆ ಆ ಚೀಟಿ ಹರಿದುಹಾಕಿಸಿ, 6 ಕೋರಿನ ಪ್ರೊಸೆಸರ್ ಬರೆಸಿ, ಉಳಿದ ಹಣವನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕಿಸಿದೆ. ಬೆಣ್ಣೆ ದೋಸೆಯನ್ನೂ ಕೊಡಿಸಿದೆ. ಮುಖ ಊದಿಸಿಕೊಂಡೇ ಎರಡು ತಿಂದ. ಅವನ ಗೆಳೆಯನ ಮನೆಯಲ್ಲಿ 16 ಇದೆಯಂತೆ.